ಪ್ಲೇಟೋ ಅಳಿಸಬೇಕೆಂದ ಪಂಕ್ತಿಗಳು

ಗ್ರೀಕರ ಪುರಾಣಗಳ ಪರಿಚಯವು ಬಹುಮಂದಿಗೆ ಬಾಲ್ಯದಲ್ಲಿ, ಶಾಲೆಯ ಇಂಗ್ಲಿಷ್ ವಾಚನಪುಸ್ತಕಗಳ ಮೂಲಕ ಆಗುವುದು. ಸಿಂಹದ ಕೊರಳನ್ನು ಹಿಸುಕಿ ಕೊಂದ ಹರ್ಕ್ಯುಲೀಸ್, ಹಿಮ್ಮಡಿಯೊಂದನ್ನುಳಿದು ಮೈಯೆಲ್ಲ ವಜ್ರವಾಗಿದ್ದ ಅಕಿಲೀಸ್, ಸಿಡಿಲನ್ನು ಕೈಯಲ್ಲಿ ಹಿಡಿದ ಜ್ಯೂಸ್, ಇಂತಹ ನಾಲ್ಕಾರು ಚಿತ್ರಗಳು ಮನಸ್ಸಿನಲ್ಲಿ ನಿಂತುಬಿಡುವುವು. ದೊಡ್ಡವರಾದ ಮೇಲೆ ಆ ಕಥೆಗಳನ್ನು ಮತ್ತೆ ತೆಗೆದು ನೋಡುವವರು ವಿರಳ. ನೋಡಿದವರಲ್ಲಿಯೂ ಕೆಲವರಿಗೆ ನಿರಾಶೆಯಾಗುವುದುಂಟು. ಅಲ್ಲಿಯ ದೇವತೆಗಳು ಜಗಳಗಂಟರು, ಮತ್ಸರಿಗಳು, ಕಾಮುಕರು. ವೀರರೋ ಮಾತುಮಾತಿಗೆ ಕಣ್ಣೀರು ಸುರಿಸುವವರು. ಪೂಜೆಗೆ ಅರ್ಹರಾದ ದೇವರೆಲ್ಲಿ, ಅನುಕರಣೆಗೆ ಅರ್ಹರಾದ ವೀರರೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜವೇ ಸರಿ.

ಈ ಪ್ರಶ್ನೆಯನ್ನು ಮೊದಲು ಕೇಳಿದವರು ಗ್ರೀಕರೇ. ಕ್ರಿ. ಪೂ. 6ನೆಯ ಶತಮಾನದಲ್ಲಿ ಜನಿಸಿದ ಕ್ಸೆನೊಫನೀಸ್ ಎಂಬ ಚಿಂತಕನು, ಮನುಷ್ಯರಲ್ಲಿ ನಿಂದ್ಯವಾದ ಕಳವು, ವ್ಯಭಿಚಾರ, ವಂಚನೆಗಳನ್ನೆಲ್ಲ ಹೋಮರನೂ ಹೆಸಿಯಡನೂ ದೇವತೆಗಳ ತಲೆಗೆ ಕಟ್ಟಿದರೆಂದು ದೂರಿದನು. ಕ್ರಿ. ಪೂ. 4ನೆಯ ಶತಮಾನದಲ್ಲಿ ಪ್ಲೇಟೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ತನ್ನ ‘ರಿಪಬ್ಲಿಕ್’ ಎಂಬ ಗ್ರಂಥದ 3ನೆಯ ಭಾಗದಲ್ಲಿ, ಆದರ್ಶರಾಜ್ಯದ ರಕ್ಷಕರಾಗತಕ್ಕ ಬಾಲಕರ ಕಿವಿಗೆ ಹೋಮರನ ಯಾವ ಯಾವ ಮಾತುಗಳು ಬೀಳಬಾರದೆಂಬುದನ್ನು ಅವನು ಒಂದೊಂದಾಗಿ ಎತ್ತಿ ತೋರಿಸಿರುವನು. ಸತ್ತ ಅಕಿಲೀಸನು ಪ್ರೇತಲೋಕದಲ್ಲಿ ಆಡಿದ ಮಾತು ಬೇಡ. ಬದುಕಿದ್ದಾಗ ಗೆಳೆಯನಿಗಾಗಿ ಅವನು ಹೊರಳಾಡಿ ಅತ್ತುದು ಬೇಡ. ವೃದ್ಧ ಪ್ರಯಾಮನು ಮಗನನ್ನು ಕಳೆದುಕೊಂಡು ಮಣ್ಣಿನಲ್ಲಿ ಉರುಳಿದುದು ಬೇಡ. ದೇವಾಧಿದೇವನಾದ ಜ್ಯೂಸನು ಮರ್ತ್ಯರಿಗಾಗಿ ಮರುಗಿದುದು ಬೇಡ. ಕುಂಟದೇವನನ್ನು ಕಂಡು ದೇವಸಭೆಯೆಲ್ಲ ನಕ್ಕುದೂ ಬೇಡ.

ಪ್ಲೇಟೋವಿನ ಉದ್ದೇಶವನ್ನು ಹಗುರವಾಗಿ ಕಾಣತಕ್ಕುದಲ್ಲ. ಮರಣಕ್ಕೆ ಅಂಜುವವನು ಯುದ್ಧದಲ್ಲಿ ನಿಲ್ಲಲಾರನು. ದುಃಖಕ್ಕೆ ತನ್ನನ್ನು ಒಪ್ಪಿಸಿಬಿಡುವವನು ಆಳಲಾರನು. ದೇವರೇ ಹೀಗೆ ನಡೆದರೆ ತನ್ನ ತಪ್ಪೇನು ದೊಡ್ಡದು ಎಂದು ಎಳೆಯ ಮನಸ್ಸು ಸಮಾಧಾನ ಮಾಡಿಕೊಳ್ಳುವುದು. ಮಕ್ಕಳಿಗೆ ಕಥೆ ಹೇಳುವ ಯಾವ ಮನೆಯವರಿಗೂ ಈ ಭಯ ಅರ್ಥವಾಗುವಂತಹುದೇ. ಅಲ್ಲದೆ ಪ್ಲೇಟೋ ಹೋಮರನ ದ್ವೇಷಿಯೂ ಅಲ್ಲ. ಬಾಲ್ಯದಿಂದ ಆ ಕವಿಯಲ್ಲಿ ತನಗಿದ್ದ ಪ್ರೀತಿಯೂ ಗೌರವವೂ ನಾಲಗೆಯನ್ನು ಹಿಡಿಯುವುವೆಂದು ಅದೇ ಗ್ರಂಥದ ಕೊನೆಯ ಭಾಗದಲ್ಲಿ ಒಪ್ಪಿಸಿರುವನು. ಹೀಗೆ ಪ್ರೀತಿಸಿ ಓದಿದವನೊಬ್ಬನು ಆರಿಸಿದ ಪಟ್ಟಿಯಾದಕಾರಣವೇ ಅದನ್ನು ಕೈಯಲ್ಲಿ ಹಿಡಿದು ಹೋಮರನನ್ನು ಮತ್ತೊಮ್ಮೆ ಓದುವುದು ಲಾಭದಾಯಕವಾಗಿದೆ. ಗ್ರೀಕರ ದೇವತೆಗಳ ಗುಟ್ಟೂ ವೀರರ ಹಿರಿಮೆಯೂ ಎಲ್ಲಿ ಅಡಗಿರುವುವೆಂಬುದಕ್ಕೆ ಆ ಪಟ್ಟಿಯೇ ಕೈದೀವಿಗೆ.

ಮೊದಲು ದೇವತೆಗಳ ನಗೆಯನ್ನು ನೋಡಬಹುದು. ಇಲಿಯಡ್ ಮಹಾಕಾವ್ಯದ ಮೊದಲನೆಯ ಕಾಂಡದಲ್ಲಿ ಎರಡು ಜಗಳಗಳುಂಟು. ಒಂದು ಭೂಮಿಯ ಮೇಲೆ, ಅಗಮೆಮ್ನಾನನಿಗೂ ಅಕಿಲೀಸನಿಗೂ. ಇನ್ನೊಂದು ಒಲಿಂಪಸ್ ಪರ್ವತದ ಮೇಲೆ, ಜ್ಯೂಸನಿಗೂ ಅವನ ರಾಣಿ ಹೀರಾದೇವಿಗೂ. ಎರಡನೆಯದು ಬಿಸಿಯೇರುತ್ತಿರುವಾಗ ಅವರ ಮಗನಾದ ಹಿಫೀಸ್ಟಸನು ಎದ್ದು, ಹಿಂದೊಮ್ಮೆ ತಂದೆಯು ತನ್ನನ್ನು ಕಾಲುಹಿಡಿದು ಎಸೆದುದನ್ನೂ, ಹಗಲೆಲ್ಲ ಬಿದ್ದು ಸೂರ್ಯಾಸ್ತದ ವೇಳೆಗೆ ಲೆಮ್ನಾಸ್ ದ್ವೀಪವನ್ನು ಮುಟ್ಟಿದುದನ್ನೂ ತಾಯಿಗೆ ನೆನಪು ಮಾಡಿ, ಕುಂಟುತ್ತ ಕುಂಟುತ್ತ ಎಲ್ಲರ ಪಾತ್ರೆಗಳಿಗೂ ಅಮೃತವನ್ನು ಬಡಿಸುವನು. ಅವನ ಸಡಗರವನ್ನು ಕಂಡು ದೇವತೆಗಳಿಗೆ ತಡೆಯಲಾರದ ನಗು. ಜಗಳ ಮುಗಿದು ಔತಣ, ಗಾನ, ನಿದ್ರೆ. ಕೆಳಗಿನ ಜಗಳ ಮುಗಿಯುವುದಾದರೋ ಸಾಲುಸಾಲು ಚಿತೆಗಳಲ್ಲಿ.

ಹೋಮರನು ಈ ಎರಡನ್ನು ಒಂದೇ ಕಾಂಡದಲ್ಲಿ ಹೊಂದಿಸಿದುದು ಆಕಸ್ಮಿಕವೆಂದು ತೋರುವುದಿಲ್ಲ. ಕೋಪವು ಎರಡೂ ಕಡೆ ಒಂದೇ; ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಬೇರೆ. ದೇವತೆಗಳ ಮೈಯಲ್ಲಿ ಹರಿಯುವುದು ರಕ್ತವೂ ಅಲ್ಲ, ‘ಈಕೋರ್’ ಎಂಬ ಬೇರೊಂದು ರಸ. ಐದನೆಯ ಕಾಂಡದಲ್ಲಿ ಡಯೊಮಿಡೀಸ್ ಎಂಬ ಮಾನವವೀರನು ಸೌಂದರ್ಯದೇವಿಯಾದ ಆಫ್ರೊಡೈಟಿಯ ಮಣಿಕಟ್ಟನ್ನು ಗಾಯಗೊಳಿಸುವನು. ಅವಳು ಅಳುತ್ತ ತಾಯಿಯ ಮಡಿಲಿಗೆ ಓಡುವಳು. ಯುದ್ಧದೇವನಾದ ಏರೀಸನ ಹೊಟ್ಟೆಗೆ ಈಟಿ ತಾಗಿದಾಗ ಅವನು ಒಂಬತ್ತು ಹತ್ತು ಸಾವಿರ ಮಂದಿ ಒಟ್ಟಿಗೆ ಕಿರಿಚಿದಂತೆ ಕಿರಿಚಿ ಆಕಾಶಕ್ಕೆ ಹಾರುವನು. ದೇವವೈದ್ಯನು ಮದ್ದು ಸವರಿದೊಡನೆ ಗಾಯ ಮಾಯುವುದು. ಮಿಂದು ಮಡಿಯುಟ್ಟು ಅವನು ತಂದೆಯ ಪಕ್ಕದಲ್ಲಿ ಬೀಗುತ್ತ ಕುಳಿತುಕೊಳ್ಳುವನು. ಯುದ್ಧವನ್ನು ಹುಟ್ಟಿಸಿದ ದೇವನಿಗೆ ಯುದ್ಧವೆಂದರೇನೆಂಬುದೇ ತಿಳಿಯದು. ಇಂತಹ ದೇವತೆಗಳನ್ನು ನೀತಿಯ ಮಾದರಿಗಳೆಂದು ಭಾವಿಸಿದರೆ ಪ್ಲೇಟೋವಿಗೆ ಕೋಪ ಬಂದಂತೆ ಯಾರಿಗಾದರೂ ಬರುವುದು. ಸಾವಿಲ್ಲದ ಬಾಳು ಹೇಗಿರಬಹುದೆಂಬುದಕ್ಕೆ ಕವಿಯು ಕೊಟ್ಟ ಉತ್ತರವೆಂದು ನೋಡಿದರೆ ಅವರ ಹಗುರತನಕ್ಕೆ ಅರ್ಥ ಬರುವುದು. ಕಳೆದುಕೊಳ್ಳಲು ಏನೂ ಇಲ್ಲದವರ ಸಿಟ್ಟು ಅಷ್ಟೇ ಹಗುರ. ಅವರ ಪ್ರೀತಿಯೂ ಬಹುಮಟ್ಟಿಗೆ ಹಾಗೆಯೇ.

ಆ ಸಭೆಯಲ್ಲಿ ನಗೆಗೀಡಾದ ಕುಂಟನೇ ಇದಕ್ಕೆ ಅಪವಾದ. ಹಿಫೀಸ್ಟಸನು ದುಡಿಯುವ ದೇವನು. ಕುಲುಮೆಯ ಮುಂದೆ ಬೆವರುವವನು. ಗೆಳೆಯನನ್ನೂ ಆಯುಧಗಳನ್ನೂ ಕಳೆದುಕೊಂಡ ಅಕಿಲೀಸನಿಗಾಗಿ ಹೊಸ ಕವಚವನ್ನು ಬೇಡಲು ತಾಯಿ ಥೆಟಿಸ್ ಬಂದಾಗ, ಅವಳ ಮಗನನ್ನು ಸಾವಿನ ಕಣ್ಣಿಗೆ ಬೀಳದಂತೆ ಅಡಗಿಸುವ ಶಕ್ತಿ ತನಗಿದ್ದರೆ ಎಷ್ಟು ಚೆನ್ನಾಗಿತ್ತೆಂದು ಹಂಬಲಿಸಿ, ಅದಿಲ್ಲವಾದುದರಿಂದ ಕೈಲಾದುದನ್ನು ಮಾಡಲು ಹೊರಡುವನು. ಅವನು ರಚಿಸಿದ ಗುರಾಣಿಯ ಮೇಲೆ ಯುದ್ಧದ ಊರು ಒಂದಾದರೆ ಮದುವೆಯ ದಿಬ್ಬಣ ಹೊರಟ ಊರು ಇನ್ನೊಂದು. ಉಳುವ ಹೊಲ, ಕೊಯ್ಲು, ದ್ರಾಕ್ಷಿಯ ತೋಟ, ಕುಣಿಯುವ ಯುವಕ ಯುವತಿಯರು, ಎಲ್ಲವೂ ಅಲ್ಲಿವೆ. ಸಾಯಲಿರುವವನ ತೋಳಿಗೆ ಬದುಕಿನ ಸಮಸ್ತವನ್ನೂ ಕೆತ್ತಿ ಕೊಟ್ಟವನು, ತಾನೇ ಒಮ್ಮೆ ನೋವುಂಡು ಬಿದ್ದಿದ್ದ ದೇವನು.

ಎರಡನೆಯದು ಜ್ಯೂಸನ ಮರುಕ. ಲಿಸಿಯಾ ದೇಶದ ದೊರೆಯಾದ ಸಾರ್ಪೆಡಾನನು ಜ್ಯೂಸನಿಗೆ ಮಾನವಸ್ತ್ರೀಯಲ್ಲಿ ಹುಟ್ಟಿದ ಮಗನು. ಸಾವಿಲ್ಲದೆ ಮುಪ್ಪಿಲ್ಲದೆ ಇರುವುದು ಸಾಧ್ಯವಿದ್ದರೆ ತಾನು ಮುಂಚೂಣಿಯಲ್ಲಿ ಹೋರಾಡುತ್ತಿರಲಿಲ್ಲವೆಂದೂ, ಹೇಗೂ ತಪ್ಪಿಸಿಕೊಳ್ಳಲಾಗದ ಸಾವು ಸುತ್ತಲೂ ನಿಂತಿರುವುದರಿಂದಲೇ ಹೋರಾಟಕ್ಕೆ ಬೆಲೆಯೆಂದೂ ಗೆಳೆಯನಿಗೆ ಹೇಳಿದವನು ಅವನೇ. ಅವನ ಕಾಲ ಒದಗಿದಾಗ ಜ್ಯೂಸನು ತೂಗಾಡುವನು. ಮಗನನ್ನು ರಣದಿಂದ ಎತ್ತಿಬಿಡಲೇ ಎಂದು ಕೇಳುವನು. ಹಾಗೆ ಮಾಡಿದರೆ ಉಳಿದ ದೇವತೆಗಳೂ ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋಗಲು ಬಯಸರೇ ಎಂಬುದು ಹೀರಾದೇವಿಯ ಉತ್ತರ. ಜ್ಯೂಸನು ಒಪ್ಪುವನು, ಮಗನ ಗೌರವಾರ್ಥವಾಗಿ ನೆಲಕ್ಕೆ ರಕ್ತದ ಹನಿಗಳನ್ನು ಸುರಿಸುವನು. ನಿದ್ರೆ ಮತ್ತು ಮೃತ್ಯು ಎಂಬ ಅವಳಿ ಸೋದರರು ಸಾರ್ಪೆಡಾನನ ದೇಹವನ್ನು ಅವನ ಸ್ವದೇಶಕ್ಕೆ ಒಯ್ಯುವರು. ದೇವನು ಅಳಬಾರದೆಂದು ಪ್ಲೇಟೋ ಹೇಳುವನು. ಆದರೆ ಜ್ಯೂಸನು ಸಿಡಿಲನ್ನು ಎಸೆದಾಗ ಭಯಂಕರನಾಗಿ ಕಾಣುವನೇ ಹೊರತು ಪೂಜ್ಯನಾಗಿ ಕಾಣುವುದು, ಶಕ್ತಿಯಿದ್ದೂ ಪಕ್ಷಪಾತಕ್ಕೆ ಒಪ್ಪದೆ ಮಗನನ್ನು ಸಾಯಗೊಟ್ಟು ಮರುಗಿದ ಈ ಒಂದು ಗಳಿಗೆಯಲ್ಲಿ.

ಇನ್ನು ಅಕಿಲೀಸ್. ಸ್ಟಿಕ್ಸ್ ನದಿಯಲ್ಲಿ ಅದ್ದಿದುದರಿಂದ ಅವನ ಮೈಗೆ ಆಯುಧ ತಾಗದಾಯಿತೆಂಬ ಕಥೆ ಹೋಮರನದಲ್ಲ. ಅದನ್ನು ಹೇಳುವ ಸ್ಟೇಷಿಯಸ್ ಎಂಬ ರೋಮನ್ ಕವಿಯ ಕಾಲ ಕ್ರಿ. ಶ. 1ನೆಯ ಶತಮಾನ. ಹೋಮರನ ಅಕಿಲೀಸನಿಗೆ ಗಾಯವಾಗುವುದು. 21ನೆಯ ಕಾಂಡದಲ್ಲಿ ಶತ್ರುವಿನ ಈಟಿ ಅವನ ಬಲತೋಳನ್ನು ಸವರಿ ರಕ್ತ ಚಿಮ್ಮುವುದು. ಕೀರ್ತಿಯಿಲ್ಲದ ದೀರ್ಘಾಯುಸ್ಸು, ಕೀರ್ತಿಯುಳ್ಳ ಅಲ್ಪಾಯುಸ್ಸು, ಇವೆರಡರಲ್ಲಿ ಒಂದು ತನ್ನ ಪಾಲಿಗಿದೆಯೆಂದು ಬಲ್ಲವನು ಅವನು. ಪ್ರಿಯಮಿತ್ರ ಪೆಟ್ರೋಕ್ಲಸನು ಹೆಕ್ಟರನಿಂದ ಹತನಾದಾಗ ಅವನು ತಲೆಯ ಮೇಲೆ ಬೂದಿ ಸುರಿದುಕೊಂಡು ಹೊರಳಿದನು. ಹೆಕ್ಟರನನ್ನು ಕೊಂದು, ತೃಪ್ತಿಯಿಲ್ಲದೆ, ಹೆಣವನ್ನು ರಥಕ್ಕೆ ಕಟ್ಟಿ ಎಳೆದನು. ದಿನಗಳು ಕಳೆದರೂ ಎಳೆಯುವುದು ನಿಲ್ಲಲಿಲ್ಲ.

ಆಗ 24ನೆಯದೂ ಕೊನೆಯದೂ ಆದ ಕಾಂಡ. 50 ಮಕ್ಕಳ ತಂದೆಯಾಗಿದ್ದ ಪ್ರಯಾಮನು ರಾತ್ರಿಯಲ್ಲಿ ಶತ್ರುವಿನ ಶಿಬಿರಕ್ಕೆ ಬಂದು, ತನ್ನ ಅನೇಕ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ನಿನ್ನ ತಂದೆಯನ್ನು ನೆನೆದುಕೋ ಎಂದು ಬೇಡಿಕೊಳ್ಳುವನು. ದೂರದ ಊರಿನಲ್ಲಿ ತನಗಾಗಿ ಕಾದಿರುವ ಮುದುಕ ತಂದೆ ಅಕಿಲೀಸನ ಕಣ್ಣಮುಂದೆ ಬರುವನು. ತಾನು ಮತ್ತೆ ಆ ಮನೆಗೆ ಹೋಗುವಂತಿಲ್ಲವೆಂಬುದೂ ನೆನಪಾಗುವುದು. ಇಬ್ಬರೂ ಅಳುವರು; ಒಬ್ಬನು ಮಗನಿಗಾಗಿ, ಇನ್ನೊಬ್ಬನು ತಂದೆಗಾಗಿಯೂ ಗೆಳೆಯನಿಗಾಗಿಯೂ. ಬಳಿಕ ಅಕಿಲೀಸನು ಮುದುಕನನ್ನು ಕೈಹಿಡಿದೆತ್ತಿ, ಊಟ ಬಡಿಸಿ, ಹೆಣವನ್ನು ತೊಳೆಯಿಸಿ ಒಪ್ಪಿಸಿ, ಉತ್ತರಕ್ರಿಯೆಗೆ ಎಷ್ಟು ದಿನ ಬೇಕೆಂದು ಕೇಳಿ, 11 ದಿನ ಯುದ್ಧವನ್ನು ನಿಲ್ಲಿಸುವೆನೆಂದು ಮಾತು ಕೊಡುವನು. ಸುಮಾರು 15,700 ಪಂಕ್ತಿಗಳ ಆ ಕಾವ್ಯ ಮುಗಿಯುವುದು ಗ್ರೀಕರ ಜಯಘೋಷದಲ್ಲಲ್ಲ, ಟ್ರೋಜನ್ನನಾದ ಹೆಕ್ಟರನ ಶವಸಂಸ್ಕಾರದಲ್ಲಿ. ಅಳುವುದು ವೀರನ ದೌರ್ಬಲ್ಯವೆಂದು ಪ್ಲೇಟೋವಿಗೆ ತೋರಿತು. ಈ ಕಾಂಡದಲ್ಲಾದರೋ ಅಳು ಬಂದ ಮೇಲೆಯೇ ಅಕಿಲೀಸನ ಕ್ರೌರ್ಯ ನಿಂತುದು. ಆ ಕಣ್ಣೀರನ್ನು ಅಳಿಸಿದರೆ ಉಳಿಯುವವನು ರಥಕ್ಕೆ ಹೆಣ ಕಟ್ಟಿದ ಅಕಿಲೀಸನೊಬ್ಬನೇ.

ಪಟ್ಟಿಯಲ್ಲಿ ಉಳಿದುದು ಪ್ರೇತಲೋಕದ ಮಾತು. ಒಡಿಸ್ಸಿ ಕಾವ್ಯದಲ್ಲಿ ಒಡಿಸ್ಯೂಸನು ಆ ಲೋಕಕ್ಕೆ ಹೋಗಿ, ಸತ್ತವರಲ್ಲಿಯೂ ನೀನು ಅರಸನಲ್ಲವೆ ಎಂದು ಅಕಿಲೀಸನನ್ನು ಸಮಾಧಾನಪಡಿಸುವನು. ಸತ್ತವರೆಲ್ಲರ ಒಡೆತನಕ್ಕಿಂತ ಭೂಮಿಯ ಮೇಲೆ ಒಬ್ಬ ಬಡವನ ಹೊಲದಲ್ಲಿ ಕೂಲಿಯಾಳಾಗಿರುವುದು ಲೇಸೆಂದು ಅಕಿಲೀಸನ ಮರುನುಡಿ. ಈ ಮಾತನ್ನು ಕೇಳಿದ ಬಾಲಕನು ಯುದ್ಧಕ್ಕೆ ಅಂಜುವನೆಂದು ಪ್ಲೇಟೋವಿನ ಶಂಕೆ. ಆದರೆ ಅದನ್ನು ಕೇಳಿ ಬಂದ ಒಡಿಸ್ಯೂಸನು ಅಂಜಿದನೆ? ಕೆಲಿಪ್ಸೊ ಎಂಬ ದೇವಿಯು ಏಳು ವರ್ಷ ಅವನನ್ನು ತನ್ನ ದ್ವೀಪದಲ್ಲಿರಿಸಿಕೊಂಡು, ಸಾವಿಲ್ಲದ ಬಾಳನ್ನೂ ಮುಪ್ಪಿಲ್ಲದ ಮೈಯನ್ನೂ ಕೊಡುವೆನೆಂದಳು. ಹೆಂಡತಿ ಪೆನೆಲೊಪಿ ರೂಪದಲ್ಲಿ ದೇವಿಗೆ ಸಮಳಲ್ಲವೆಂದೂ, ಅವಳಿಗೆ ಮುಪ್ಪೂ ಸಾವೂ ಉಂಟೆಂದೂ ಅವನೇ ಒಪ್ಪಿದನು. ಒಪ್ಪಿ, ಮನೆಗೆ ಹೋಗುವೆನೆಂದು ತೆಪ್ಪ ಕಟ್ಟಿದನು. ಪ್ರೇತಲೋಕವನ್ನು ಕಣ್ಣಾರೆ ಕಂಡವನು, ಅಲ್ಲಿಗೇ ಒಯ್ಯುವ ದಾರಿಯನ್ನು ತಿಳಿದೂ ಹಿಡಿದನು. ಸಾವಿಗೆ ಅಂಜದ ಧೈರ್ಯಕ್ಕೆ ಇದಕ್ಕಿಂತ ಉತ್ತಮವಾದ ಪಾಠವನ್ನು ಆದರ್ಶರಾಜ್ಯದ ಗುರುಗಳು ಕಲಿಸಬಲ್ಲರೆ?

ಈ ವೀರರನ್ನು ಹೊಸದಾಗಿ ಕಲ್ಪಿಸಿಕೊಳ್ಳುವ ಹಕ್ಕನ್ನು ಗ್ರೀಕರು ಹೋಮರನೊಬ್ಬನಿಗೆ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಪುರಾಣಕ್ಕೆ ಪ್ರಮಾಣಗ್ರಂಥವೊಂದು ಇರಲಿಲ್ಲವಾಗಿ, ಅಥೆನ್ಸಿನ ನಾಟಕಕಾರರು ಹಳೆಯ ಕಥೆಯನ್ನು ತಮ್ಮ ಕಾಲದ ನೋವಿಗೆ ತಕ್ಕಂತೆ ತಿರುಗಿಸಿದರು. ಕ್ರಿ. ಪೂ. 441ರ ಸುಮಾರಿಗೆ ಅಥೆನ್ಸಿನ ಸೇನಾನಿಗಳಲ್ಲೊಬ್ಬನಾಗಿದ್ದ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವು ಇದಕ್ಕೆ ನಿದರ್ಶನ. ಸತ್ತ ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನಿಗೆ ಸಂದವೆಂದು ಕೆರಳಿದ ಏಜಾಕ್ಸನು ಸೇನಾನಾಯಕರನ್ನು ಕೊಲ್ಲಲು ಹೊರಟಾಗ, ಅಥೀನಾದೇವಿ ಅವನಿಗೆ ಹುಚ್ಚು ಹಿಡಿಸುವಳು. ಅವನು ದನಕುರಿಗಳನ್ನು ಶತ್ರುಗಳೆಂದು ಕಡಿದುಹಾಕುವನು. ದೇವಿಯು ಒಡಿಸ್ಯೂಸನನ್ನು ಕರೆದು, ನಿನ್ನ ವೈರಿಯ ಸ್ಥಿತಿಯನ್ನು ನೋಡಿ ನಗು ಎನ್ನುವಳು. ಒಡಿಸ್ಯೂಸನಿಗೆ ನಗು ಬರದು. ಅವನ ಗತಿಯಲ್ಲಿ ತನ್ನ ಗತಿಯನ್ನೂ, ಮನುಷ್ಯರೆಲ್ಲರೂ ನೆರಳುಗಳೆಂಬುದನ್ನೂ ಅವನು ಕಾಣುವನು. ಬುದ್ಧಿ ತಿಳಿದ ಏಜಾಕ್ಸನು ನಾಚಿಕೆಯನ್ನು ತಾಳಲಾರದೆ, ಜತೆಗಾತಿ ಟೆಕ್ಮೆಸ್ಸಾ ಬೇಡಿಕೊಂಡರೂ ನಿಲ್ಲದೆ, ಕತ್ತಿಯ ಮೇಲೆ ಬಿದ್ದು ಸಾಯುವನು. ಅವನಿಗೆ ಸಂಸ್ಕಾರವೇ ಕೂಡದೆಂದ ದೊರೆಗಳೊಡನೆ ವಾದಿಸಿ ಗೆಲ್ಲುವವನು ಆ ವೈರಿಯೇ. ನಗು ಎಂದವಳು ಜ್ಞಾನದ ಅಧಿದೇವತೆ, ಮರುಗಿದವನು ಮನುಷ್ಯ.

ಈ ಕಥೆ ಕನ್ನಡಕ್ಕೂ ಬಂದಿದೆ. ಬಿ. ಎಂ. ಶ್ರೀಕಂಠಯ್ಯನವರು ಏಜಾಕ್ಸನ ಸ್ಥಾನದಲ್ಲಿ ದ್ರೋಣಪುತ್ರನನ್ನು ನಿಲ್ಲಿಸಿ 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದರು. ಭಾರತದ ಅಶ್ವತ್ಥಾಮನು ಚಿರಂಜೀವಿ. ಅವನ ಚಿರಂಜೀವಿತನವೋ ವರವಲ್ಲ, ಗಾಯ ಮಾಯದೆ ಅಲೆಯಬೇಕಾದ ಶಾಪ. ಶ್ರೀಯವರು ಅವನಿಗೆ ಸಾವನ್ನು ಕೊಟ್ಟರು. ಚಿರಂಜೀವಿಯನ್ನು ಸಾಯಿಸಬಹುದೆ ಎಂದು ಕೇಳಿದವರಿದ್ದರು. ದುರ್ಯೋಧನನಲ್ಲಿ ಧೀರನನ್ನು ಕಂಡ ರನ್ನನ ನಾಡಿನಲ್ಲಿ ಇಂತಹ ಸ್ವಾತಂತ್ರ್ಯ ಅಪೂರ್ವವೇನೂ ಅಲ್ಲ. ಗ್ರೀಕರ ಕಣ್ಣಿನಿಂದ ನೋಡಿದರಂತೂ ಆ ಸಾವು ದಂಡನೆಯಾಗಿರದೆ, ವೀರನಿಗೆ ಹಿಂದಿರುಗಿ ಬಂದ ಮಾನವಾಗಿ ಕಾಣುವುದು.

ಇಷ್ಟೆಲ್ಲ ಪಂಡಿತರ ವಿಚಾರವೆಂದು ಯಾರಾದರೂ ಭಾವಿಸಬಹುದು. ಜಾನಥನ್ ಶೇ ಎಂಬ ಅಮೆರಿಕಾದ ಮನೋವೈದ್ಯರು ವಿಯಟ್ನಾಮ್ ಯುದ್ಧದಿಂದ ಮರಳಿದ ಯೋಧರಿಗೆ ಚಿಕಿತ್ಸೆ ನಡೆಸುತ್ತಿದ್ದಾಗ, ಅವರ ರೋಷದಲ್ಲಿಯೂ ಗೆಳೆಯರಿಗಾಗಿ ಅವರು ಪಡುವ ಶೋಕದಲ್ಲಿಯೂ ಅಕಿಲೀಸನನ್ನು ಕಂಡು, ಇಲಿಯಡ್ಡನ್ನು ಜತೆಗಿಟ್ಟುಕೊಂಡು ಒಂದು ಗ್ರಂಥವನ್ನು ಬರೆದು 1994ರಲ್ಲಿ ಪ್ರಕಟಿಸಿದರು. 2008ರಲ್ಲಿ ಬ್ರಯನ್ ಡೋರೀಸ್ ಎಂಬ ರಂಗನಿರ್ದೇಶಕರು ಸ್ಯಾನ್ ಡಿಯಾಗೊ ನಗರದಲ್ಲಿ ಮರೀನ್ ಪಡೆಯ ಯೋಧರೂ ಅವರ ಪತ್ನಿಯರೂ ನೆರೆದಿದ್ದ ಸಭೆಯಲ್ಲಿ ಸಾಫೊಕ್ಲೀಸನ ದೃಶ್ಯಗಳನ್ನು ಓದಿಸಿದರು. ಓದು ಮುಗಿದ ಬಳಿಕ ಮಾತು ಗಂಟೆಗಟ್ಟಲೆ ನಡೆಯಿತು. ಗಂಡಂದಿರು ಯುದ್ಧದಿಂದ ಹಿಂದಿರುಗಿದರೂ ಯುದ್ಧ ಅವರನ್ನು ಬಿಟ್ಟಿರಲಿಲ್ಲವೆಂಬುದನ್ನು ಟೆಕ್ಮೆಸ್ಸಾಳ ಬಾಯಿಂದ ಕೇಳಿದ ಹೆಂಗಸರು ತಮ್ಮ ಮನೆಗಳ ಕಥೆಯನ್ನು ಹೇಳಿಕೊಂಡರು. ಆ ಬಗೆಯ ವಾಚನಗಳು ಮುಂದೆ ಅನೇಕ ಕಡೆ ನಡೆದುವು. ಎಂದೂ ಅಳದ ವೀರನು ಆ ಸಭೆಯಲ್ಲಿ ಯಾರಿಗೆ ಏನು ಹೇಳಬಲ್ಲವನಾಗಿದ್ದನು? ಮನೆಗೆ ಬಂದು ಮೌನವಾಗಿ ಕುಳಿತವನಿಗೆ ಬೇಕಾದುದು ತನ್ನಂತೆಯೇ ಮುರಿದವನೊಬ್ಬನ ಕಥೆ. ಅದನ್ನು ಹೇಳಲು ಪುರಾಣಕ್ಕೆ ಸಾಧ್ಯವಾದುದು, ಪ್ಲೇಟೋ ಆಕ್ಷೇಪಿಸಿದಂತಹ ಮಾತುಗಳನ್ನು ಯಾರೂ ಅಳಿಸದೆ ಉಳಿಸಿಕೊಂಡು ಬಂದುದರಿಂದಲ್ಲವೆ?

ಪ್ಲೇಟೋವಿಗೆ ನ್ಯಾಯ ಸಲ್ಲಬೇಕಾದರೆ ಅವನ ಗ್ರಂಥದ ಕೊನೆಯ ಪುಟಗಳನ್ನೂ ಓದಬೇಕು. ಅಲ್ಲಿ ಅವನು ತಾನೇ ಪುರಾಣವೊಂದನ್ನು ಕಟ್ಟಿರುವನು. ಸತ್ತವರ ಜೀವಗಳು ತಮ್ಮ ಮುಂದಿನ ಜನ್ಮವನ್ನು ತಾವೇ ಆರಿಸಿಕೊಳ್ಳುವುವು. ಏಜಾಕ್ಸನ ಜೀವಕ್ಕೆ ಆಯುಧಗಳ ಅವಮಾನ ಇನ್ನೂ ಮರೆತಿಲ್ಲ; ಮನುಷ್ಯಜನ್ಮವೇ ಬೇಡವೆಂದು ಅದು ಸಿಂಹವಾಗುವುದು. ಒಡಿಸ್ಯೂಸನ ಸರದಿ ಎಲ್ಲರಿಗಿಂತ ಕೊನೆಯದು. ಹಿಂದಿನ ಕಷ್ಟಗಳನ್ನು ನೆನೆದು ಹಿರಿಯಾಸೆಯನ್ನು ತೊರೆದ ಆ ಜೀವವು ಬಹಳ ಹೊತ್ತು ಹುಡುಕಿ, ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿದ್ದ ಸಾಮಾನ್ಯ ಗೃಹಸ್ಥನೊಬ್ಬನ ಬಾಳನ್ನು ಕಂಡು, ಮೊದಲ ಸರದಿ ಬಂದಿದ್ದರೂ ಇದನ್ನೇ ಆರಿಸುತ್ತಿದ್ದೆನೆಂದು ಸಂತೋಷದಿಂದ ಎತ್ತಿಕೊಳ್ಳುವುದು. ಕೆಲಿಪ್ಸೊವಿನ ಅಮೃತವನ್ನು ಬೇಡವೆಂದು ತೆಪ್ಪ ಕಟ್ಟಿದವನೇ ಇವನೆಂಬುದನ್ನು ಗುರುತಿಸುವುದು ಕಷ್ಟವಲ್ಲ. ಬಾಲ್ಯದಲ್ಲಿ ಓದಿದ ಹೋಮರನು ಪ್ಲೇಟೋವಿನ ಮನಸ್ಸಿನಿಂದ ಕೊನೆಯವರೆಗೂ ಅಳಿಸಿಹೋಗಲಿಲ್ಲ.

ಆದಕಾರಣ ಗ್ರೀಕರ ದೇವತೆಗಳಲ್ಲಿ ದೋಷವನ್ನು ಕಂಡು ಪುಸ್ತಕವನ್ನು ಮುಚ್ಚಿಟ್ಟವರು ಅದನ್ನು ಮತ್ತೊಮ್ಮೆ ತೆರೆಯಬಹುದು. ಇಡೀ ಇಲಿಯಡ್ಡನ್ನು ಓದುವಷ್ಟು ವಿರಾಮವಿಲ್ಲದವರು 24ನೆಯ ಕಾಂಡವೊಂದನ್ನೇ ಓದಿದರೂ ಬಾಧಕವಿಲ್ಲ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಗಟ್ಟಿಯಾಗಿ ಓದುವುದು ಮೇಲು. ಮುದುಕನು ಕೈಗೆ ಮುತ್ತಿಡುವ ಸ್ಥಳ ಬಂದಾಗ ಅವರಲ್ಲಿ ಯಾರಾದರೂ ಮುಖ ತಿರುಗಿಸಿಕೊಂಡರೆ, ಆ ಮಗು ಅಧೀರವಾಯಿತೆಂದು ಹೆದರಬೇಕಾಗಿಲ್ಲ.